ಮಾತಾಡುವ ಪರವಾನಗಿ

ರೇಡಿಯೋ ಕೇಳುವದಕ್ಕೂ ಪರವಾನಗಿ ಬೇಕಾಗಿದ್ದ ಕಾಲವನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಮರೆತಿರಲಾರರು. ರೇಡಿಯೋ ಪೆಟ್ಟಿಗೆಯನ್ನು ಮನೆಗೆ ತಂದ ಗೃಹಸ್ಥನು ಅಂಚೆಯ ಕಚೇರಿಯಲ್ಲಿ ಹಣ ಕಟ್ಟಿ, ಚಿಕ್ಕದೊಂದು ಪುಸ್ತಕವನ್ನು ಪಡೆದು, ವರ್ಷವರ್ಷವೂ ಅದನ್ನು ನವೀಕರಿಸಿಕೊಳ್ಳಬೇಕಾಗಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಸರಕಾರವು ಈ ಕಟ್ಟಳೆಯನ್ನು ತೆಗೆದುಹಾಕಿತು. ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಖರೀದಿಪತ್ರ ಜಾತಕಗಳ ನಡುವೆ ಆ ಪುಸ್ತಕವು ಇಂದಿಗೂ ಸಿಕ್ಕೀತು. ಆದರೆ ಅದಕ್ಕಿಂತಲೂ ವಿರಳವಾದ ಇನ್ನೊಂದು ಪರವಾನಗಿಯುಂಟು. ಅದು ಕೇಳುವದಕ್ಕಲ್ಲ, ಮಾತಾಡುವದಕ್ಕೆ. ಯಾವ ಲಾಭವನ್ನೂ ಅಪೇಕ್ಷಿಸದೆ, ಕೇವಲ ಪ್ರಯೋಗದ ಆಸೆಯಿಂದ, ತನ್ನ ಮನೆಯ ಮಾಡಿನ ಮೇಲೊಂದು ತಂತಿಯನ್ನು ಎಳೆದು, ತನ್ನ ಕೈಯಿಂದ ಕಟ್ಟಿದ ಯಂತ್ರದ ಮೂಲಕ ದೂರದವರೊಡನೆ ಸಂಭಾಷಿಸಲು ಒಬ್ಬ ಸಾಮಾನ್ಯ ಮನುಷ್ಯನಿಗೆ ಸರಕಾರವು ಕೊಡುವ ಅಪ್ಪಣೆಯದು. ಈ ಅಪ್ಪಣೆಯು ಹೇಗೆ ಹುಟ್ಟಿತು, ಅದನ್ನು ಕೊಟ್ಟದ್ದರಿಂದ ಏನಾಯಿತು, ಕೊಡದೆ ಹೋದಾಗ ಏನಾಯಿತು ಎಂಬದನ್ನು ಈ ತಿಂಗಳ ಪುಟಗಳಲ್ಲಿ ವಿಚಾರಿಸೋಣ.

ಆಕಾಶವು ಯಾರ ಸೊತ್ತು, ಅದರಲ್ಲಿ ಮಾತಾಡುವದಕ್ಕೆ ಅಪ್ಪಣೆಯೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೊನ್ನಾವರಕ್ಕೆ ಎದುರಾಗಿ, ಶರಾವತಿಯ ತೆಂಕಣ ದಡದಲ್ಲಿ, ನದಿಯು ಸಮುದ್ರವನ್ನು ಸೇರುವ ಸ್ಥಳದಲ್ಲಿ ಕಾಸರಕೋಡ ಇದೆ. ಅಲ್ಲಿಯ ಅಳಿವೆಯನ್ನು ನೋಡಿದವರಿಗೆ ಈ ಸಂಗತಿಯು ಬೇಗನೆ ತಿಳಿಯುವದು. ಸಮುದ್ರವು ಎಷ್ಟು ವಿಶಾಲವಾದರೇನು, ದೋಣಿಗಳು ಒಳಗೆ ಬರುವ ಬಾಯಿಯು ಇಕ್ಕಟ್ಟಾದದ್ದು. ಎಲ್ಲರೂ ಒಮ್ಮೆಲೇ ನುಗ್ಗಿದರೆ ದೋಣಿಗೆ ದೋಣಿ ತಾಗುವದು. ರೇಡಿಯೋ ತರಂಗಗಳ ಸ್ಥಿತಿಯೂ ಹೀಗೆಯೇ. ಆಕಾಶವು ಅಪಾರವಾದರೂ, ಉಪಯೋಗಕ್ಕೆ ಬರುವ ತರಂಗಗಳ ಸಾಲು ಮಿತವಾದದ್ದು. ಒಂದೇ ಅಳತೆಯ ತರಂಗದ ಮೇಲೆ ಇಬ್ಬರು ಮಾತಾಡಿದರೆ ಕೇಳುವವನಿಗೆ ಒಬ್ಬನ ಮಾತೂ ತಿಳಿಯದೆ ಬರೀ ಗದ್ದಲವಾಗುವದು. ಹಡಗೊಂದು ಮುಳುಗುತ್ತಿರುವಾಗ ಸಹಾಯಕ್ಕಾಗಿ ಕೂಗುವ ಕೂಗು ಇನ್ನೊಬ್ಬನ ಹರಟೆಯಲ್ಲಿ ಅಡಗಿಹೋಗಬಹುದು. ಆದುದರಿಂದ ಯಾರು, ಎಲ್ಲಿಂದ, ಯಾವ ತರಂಗದ ಮೇಲೆ, ಎಷ್ಟು ಶಕ್ತಿಯಿಂದ ಮಾತಾಡಬೇಕೆಂಬದಕ್ಕೆ ಒಂದು ಕಟ್ಟು ಅವಶ್ಯವಾಯಿತು. ಇದು ಪರವಾನಗಿಯ ನ್ಯಾಯವಾದ ಕಾರಣ. ಇದರ ಹಿಂದೆ ಇನ್ನೊಂದು ಕಾರಣವೂ ಅಡಗಿತ್ತು. ತಂತಿಯ ಸುದ್ದಿಯನ್ನು ಕಂಬದ ಬಳಿ ತಡೆಯಬಹುದು, ಅಂಚೆಯ ಕಾಗದವನ್ನು ಒಡೆದು ನೋಡಬಹುದು. ಆದರೆ ಗಾಳಿಗೆ ಬಿಟ್ಟ ಮಾತನ್ನು ಹಿಡಿಯುವ ಬಲೆಯಿಲ್ಲ. ಈ ಭಯವು ಎಲ್ಲ ಸರಕಾರಗಳಿಗೂ ಮೊದಲಿನಿಂದಲೂ ಇತ್ತು.

ಈಗ ಎರಡು ಕಾಯದೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಇಂಗ್ಲಂಡದಲ್ಲಿ 1904ರಲ್ಲಿ ಆದ ತಂತಿಯಿಲ್ಲದ ತಂತಿಯ ಕಾಯದೆಯು, ಯಾರೂ ಪರವಾನಗಿಯಿಲ್ಲದೆ ಇಂಥ ಯಂತ್ರವನ್ನು ನಡೆಸಕೂಡದೆಂದು ನಿರ್ಬಂಧಿಸಿತು. ಆದರೆ ಅದರಲ್ಲಿಯೇ ಒಂದು ವಿಶೇಷ ಕಲಮು ಇತ್ತು. ಅರ್ಜಿದಾರನು ತನ್ನ ಉದ್ದೇಶವು ಪ್ರಯೋಗವೊಂದೇ ಎಂದು ಅಂಚೆಯ ಮುಖ್ಯಾಧಿಕಾರಿಗೆ ಮನದಟ್ಟು ಮಾಡಿಕೊಟ್ಟರೆ ಅವನಿಗೆ ಪರವಾನಗಿಯನ್ನು ಕೊಡತಕ್ಕದ್ದು, ಅದಕ್ಕೆ ಬಾಡಿಗೆಯನ್ನಾಗಲಿ ರಾಜಧನವನ್ನಾಗಲಿ ವಸೂಲು ಮಾಡಕೂಡದು ಎಂಬದು ಆ ಕಲಮಿನ ತಾತ್ಪರ್ಯ. ಹಿಂದುಸ್ಥಾನದ ಕಾಯದೆಯಾದರೋ ಅದಕ್ಕಿಂತ ಹಳೆಯದು. 1885ರ ತಂತಿಯ ಕಾಯದೆಯು ಹುಟ್ಟಿದಾಗ ರೇಡಿಯೋ ಎಂಬದು ಇನ್ನೂ ಹುಟ್ಟಿರಲಿಲ್ಲ. ಜಗದೀಶಚಂದ್ರ ಬೋಸರು ಕಲಕತ್ತೆಯಲ್ಲಿ ಅದೃಶ್ಯ ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದು 1895ರಲ್ಲಿ. ಮುಂದೆ ತಿದ್ದುಪಡಿಯ ಮೂಲಕ ತಂತಿಯಿಲ್ಲದ ವಾರ್ತೆಯೂ ಆ ಕಾಯದೆಯ ಕಕ್ಷೆಯೊಳಗೆ ಬಂದಿತು. ಅದರ 4ನೆಯ ಕಲಮಿನ ಪ್ರಕಾರ ತಂತಿಯ ವ್ಯವಹಾರದ ಸರ್ವಾಧಿಕಾರವು ಸರಕಾರದ್ದು. ಸರಕಾರವು ತನಗೆ ಯೋಗ್ಯವೆಂದು ತೋರಿದ ಷರತ್ತುಗಳ ಮೇಲೆ, ತನಗೆ ತೋರಿದಷ್ಟು ಹಣಕ್ಕೆ ಪರವಾನಗಿಯನ್ನು ಕೊಡಬಹುದು. ಅಲ್ಲಿ ‘ಕೊಡತಕ್ಕದ್ದು’, ಇಲ್ಲಿ ‘ಕೊಡಬಹುದು’. ಈ ಎರಡು ಕ್ರಿಯಾಪದಗಳ ನಡುವಿನ ಅಂತರವೇ ಆಳಿಸಿಕೊಳ್ಳುವ ಪ್ರಜೆಗೂ ಸ್ವತಂತ್ರ ನಾಗರಿಕನಿಗೂ ಇರುವ ಅಂತರವೆಂದರೆ ಅತಿಶಯೋಕ್ತಿಯಾಗಲಾರದು.

ಪ್ರಯೋಗಶೀಲರಿಗೆ ಇಷ್ಟು ಅವಕಾಶವನ್ನು ಕೊಟ್ಟದ್ದರಿಂದ ಲೋಕಕ್ಕೆ ಆದ ಪ್ರಯೋಜನವೇನು? ಅದೊಂದು ಸ್ವಾರಸ್ಯವಾದ ಕಥೆ. 1912ರ ಏಪ್ರಿಲ್ ತಿಂಗಳಲ್ಲಿ ಟೈಟಾನಿಕ್ ಹಡಗು ಮುಳುಗಿದ ಬಳಿಕ ಅದೇ ವರ್ಷ ಅಮೇರಿಕದಲ್ಲಿ ರೇಡಿಯೋ ಕಾಯದೆಯಾಯಿತು. ಉದ್ದವಾದ ತರಂಗಗಳೇ ದೂರ ಹೋಗುವವೆಂದೂ, ಗಿಡ್ಡವಾದವು ನಿಷ್ಪ್ರಯೋಜಕವೆಂದೂ ಆಗಿನ ಪಂಡಿತರ ನಂಬಿಗೆಯಾಗಿತ್ತು. ಆದುದರಿಂದ ಒಳ್ಳೆಯ ತರಂಗಗಳನ್ನೆಲ್ಲ ನೌಕಾಪಡೆಗೂ ಕಂಪನಿಗಳಿಗೂ ಹಂಚಿಕೊಟ್ಟು, 200 ಮೀಟರುಗಳಿಗಿಂತ ಗಿಡ್ಡವಾದವುಗಳನ್ನು ಹವ್ಯಾಸಿಗಳ ಪಾಲಿಗೆ ಬಿಟ್ಟರು. ಕೂಡುಮನೆಯ ಪಾಲುಪಟ್ಟಿಯಲ್ಲಿ ಗದ್ದೆ ತೋಟಗಳನ್ನು ಹಿರಿಯರು ಹಂಚಿಕೊಂಡು ಕಡೆಯ ತಮ್ಮನಿಗೆ ಕಲ್ಲುಬರಡನ್ನು ಕೊಟ್ಟಂತೆ ಆಯಿತು. ಆದರೆ ಆ ತಮ್ಮನು ಬರಡನ್ನು ಅಗೆಯುತ್ತ ಹೋದ. 1921ರ ಡಿಸೆಂಬರದಲ್ಲಿ ಅಮೇರಿಕದ ಹವ್ಯಾಸಿಗಳ ಸಂಜ್ಞೆಗಳು ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ ಸ್ಕಾಟ್ಲಂಡದಲ್ಲಿ ಕೇಳಿಸಿದವು. 1923ರ ನವೆಂಬರದಲ್ಲಿ ಸುಮಾರು 110 ಮೀಟರುಗಳ ತರಂಗದ ಮೇಲೆ ಫ್ರಾನ್ಸ ಮತ್ತು ಅಮೇರಿಕಗಳ ಹವ್ಯಾಸಿಗಳು ಪರಸ್ಪರ ಸಂಭಾಷಿಸಿದರು. 1924ರ ಅಕ್ಟೋಬರ 18ರಂದು ಲಂಡನ್ನಿನ ಮಿಲ್ ಹಿಲ್ ಶಾಲೆಯಿಂದ ಸೆಸಿಲ್ ಗಾಯ್ಡರ್ ಎಂಬ 18 ವರ್ಷದ ತರುಣನು ನ್ಯೂಝೀಲಂಡದ ಕುರಿಸಾಕಣೆಗಾರ ಫ್ರ್ಯಾಂಕ್ ಬೆಲ್ ಎಂಬವನೊಡನೆ, ಅಂದರೆ ಭೂಗೋಲದ ಇನ್ನೊಂದು ಬದಿಯಲ್ಲಿದ್ದವನೊಡನೆ, ಮಾತಾಡಿದನು.

ಇದು ಸಾಧ್ಯವಾದದ್ದು ಹೇಗೆಂದರೆ, ಭೂಮಿಯ ಮೇಲುಗಡೆ ಬಹು ಎತ್ತರದಲ್ಲಿ, ಸೂರ್ಯಕಿರಣಗಳ ಬಡಿತದಿಂದ ವಿದ್ಯುತ್ತನ್ನು ಪಡೆದ ಕಣಗಳ ಪದರವೊಂದಿದೆ. ಹ್ರಸ್ವ ತರಂಗಗಳು ಮೇಲಕ್ಕೆ ಹೋಗಿ ಆ ಪದರದಲ್ಲಿ ಬಾಗಿ, ಗೋಡೆಗೆ ಹೊಡೆದ ಚೆಂಡಿನಂತೆ ದೂರದ ನೆಲಕ್ಕೆ ತಿರುಗಿ ಬರುವವು. ನೆಲದಿಂದ ಮತ್ತೆ ಪುಟಿದು ಇನ್ನೂ ದೂರಕ್ಕೆ ಹೋಗುವವು. ಹೀಗೆ ಅಲ್ಪ ಶಕ್ತಿಯ ಯಂತ್ರದಿಂದಲೂ ಸಾವಿರಾರು ಮೈಲುಗಳಾಚೆಗೆ ಸುದ್ದಿ ಮುಟ್ಟುವದು. ಇಂಥ ಪದರವಿದೆಯೆಂಬದನ್ನು ಎಡ್ವರ್ಡ್ ಆ್ಯಪಲ್‌ಟನ್ ಎಂಬ ವಿಜ್ಞಾನಿಯು 1924ರ ಕೊನೆಯಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದನು. ಹವ್ಯಾಸಿಗಳಾದರೋ ಅಷ್ಟರಲ್ಲಿ ಅದರ ಉಪಯೋಗವನ್ನೇ ಮಾಡಿ ತೋರಿಸಿದ್ದರು. ಬರಡೆಂದು ಬಿಟ್ಟುಕೊಟ್ಟ ನೆಲದಲ್ಲಿ ಬಂಗಾರ ಸಿಕ್ಕಿದೊಡನೆ ಸರಕಾರಗಳೂ ಕಂಪನಿಗಳೂ ಆ ಕಡೆಗೆ ತಿರುಗಿದವೆಂಬದನ್ನು ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಹವ್ಯಾಸಿಗಳ ಪರವಾನಗಿಯು 1921ರಲ್ಲಿ ಆರಂಭವಾಯಿತು. ಬಂಗಾಲದ ಅಮರೇಂದ್ರಚಂದ್ರ ಗುಪ್ತು ಎಂಬವರು ಅದನ್ನು ಮೊದಲು ಪಡೆದವರೆಂದು ಪ್ರಸಿದ್ಧಿ. ಅದೇ ವರ್ಷದ ಆಗಸ್ಟದಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯವರು ಅಂಚೆ ತಂತಿ ಇಲಾಖೆಯೊಡನೆ ಕೂಡಿ ಸಂಗೀತವನ್ನು ಪ್ರಸಾರ ಮಾಡಿದಾಗ ಗವರ್ನರರು ಪುಣೆಯಲ್ಲಿ ಕುಳಿತು ಅದನ್ನು ಕೇಳಿದರು. ಬಳಿಕ 1923ರಲ್ಲಿ ಮುಂಬಯಿ ಕಲಕತ್ತೆಗಳಲ್ಲಿಯೂ, 1924ರಲ್ಲಿ ಮದ್ರಾಸಿನಲ್ಲಿಯೂ ರೇಡಿಯೋ ಕ್ಲಬ್ಬುಗಳು ಏರ್ಪಟ್ಟವು. ಮದ್ರಾಸಿನ ಕ್ಲಬ್ಬನ್ನು ಕಟ್ಟಿದವರು ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರು. 40 ವ್ಯಾಟಿನ ಸಣ್ಣ ಯಂತ್ರದಿಂದ 1924ರ ಜುಲೈ 31ರಂದು ಅವರು ಪ್ರಸಾರವನ್ನು ಆರಂಭಿಸಿದರು. ಹಣದ ಅಡಚಣೆಯಿಂದ 1927ರಲ್ಲಿ ಆ ಕ್ಲಬ್ಬು ನಿಂತಾಗ ಅದರ ಯಂತ್ರವು ಮದ್ರಾಸಿನ ನಗರಸಭೆಗೆ ಸಂದಿತು. ಸರಕಾರದ ಪರವಾನಗಿಯನ್ನು ಪಡೆದು 1927ರ ಜುಲೈ 23ರಂದು ಮುಂಬಯಿಯಲ್ಲಿ ಕೆಲಸ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯೂ ಮೂರು ವರ್ಷ ತುಂಬುವದರೊಳಗೆ ಮುಳುಗಿ, 1930ರ ಏಪ್ರಿಲ್ 1ರಿಂದ ಸರಕಾರವೇ ಪ್ರಸಾರವನ್ನು ಕೈಗೆ ತೆಗೆದುಕೊಂಡಿತು. ಅಂದಮೇಲೆ, ಈ ದೇಶದಲ್ಲಿ ರೇಡಿಯೋದ ದಾರಿಯನ್ನು ಮೊದಲು ತುಳಿದವರು ತಮ್ಮ ಕೈಯ ಹಣವನ್ನು ಖರ್ಚುಮಾಡಿದ ಹವ್ಯಾಸಿಗಳೇ. ಸರಕಾರವು ಬಂದದ್ದು ಅವರ ಹೆಜ್ಜೆಯ ಹಿಂದೆ.

ಆಗ ಕಾಸರಕೋಡದ ಗೃಹಸ್ಥನೊಬ್ಬನಿಗೆ ಇಂಥ ಆಸೆ ಹುಟ್ಟಿದ್ದರೆ ಅವನ ಗತಿಯೇನಾಗುತ್ತಿತ್ತು? ಉತ್ತರ ಕನ್ನಡ ಜಿಲ್ಲೆಯು 1956ರ ವರೆಗೆ ಮುಂಬಯಿಗೆ ಸೇರಿತ್ತು. ಆದರೆ ತಂತಿ ತರಂಗಗಳ ವಿಷಯದಲ್ಲಿ ಅಧಿಕಾರವು ಮುಂಬಯಿಯದಲ್ಲ, ಕೇಂದ್ರ ಸರಕಾರದ್ದು. ಅರ್ಜಿಯು ಅಲ್ಲಿಗೇ ಮುಟ್ಟಬೇಕು. ಸಾಲದ್ದಕ್ಕೆ 1933ರಲ್ಲಿ ಇನ್ನೊಂದು ಕಾಯದೆಯಾಯಿತು. ಅದರ ಪ್ರಕಾರ ಯಂತ್ರವನ್ನು ನಡೆಸುವದಷ್ಟೇ ಅಲ್ಲ, ಪರವಾನಗಿಯಿಲ್ಲದೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವದೂ ಅಪರಾಧವಾಯಿತು. ಮೊದಲನೆಯ ತಪ್ಪಿಗೆ 100 ರೂಪಾಯಿಗಳ ವರೆಗೆ, ಮತ್ತೆ ಮಾಡಿದರೆ 250 ರೂಪಾಯಿಗಳ ವರೆಗೆ ದಂಡ. ಆ ಕಾಲದ 100 ರೂಪಾಯಿಗಳೆಂದರೆ ಸಾಧಾರಣ ಸಂಸಾರವೊಂದಕ್ಕೆ ಎಷ್ಟು ತಿಂಗಳ ಗ್ರಾಸವಾಗುತ್ತಿತ್ತೆಂಬದನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಬೇಕು.

ಆದರೆ ಘಟ್ಟದ ಮೇಲೆ, ಅದೇ ಶರಾವತಿಯು ಹುಟ್ಟಿ ಬರುವ ಮೈಸೂರು ಸಂಸ್ಥಾನದಲ್ಲಿ, ಕನ್ನಡಿಗರೆಲ್ಲರೂ ಹೆಮ್ಮೆ ಪಡತಕ್ಕ ಕೆಲಸವೊಂದು ನಡೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸವಾದ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಪ್ರೇಷಕ ಯಂತ್ರವನ್ನು ಸ್ಥಾಪಿಸಿ 1935ರ ಸೆಪ್ಟಂಬರ 10ರಂದು ಪ್ರಸಾರವನ್ನು ಆರಂಭಿಸಿದರು. 30 ವ್ಯಾಟುಗಳೆಂದರೆ ಎಷ್ಟು? ಮನೆಯಲ್ಲಿ ಉರಿಯುತ್ತಿದ್ದ ಹಳೆಯ ಮಾದರಿಯ ಚಿಕ್ಕ ವಿದ್ಯುದ್ದೀಪವೊಂದಕ್ಕೆ ಬೇಕಾಗುವಷ್ಟು ಶಕ್ತಿ. ಆ ದೀಪದ ಶಕ್ತಿಯಿಂದ ಒಂದು ಮನೆಯು ಇಡೀ ಊರಿಗೆ ಸಂಗೀತವನ್ನೂ ಸದ್ವಿಚಾರಗಳನ್ನೂ ಹಂಚಿತು. ಆ ಕೇಂದ್ರಕ್ಕೆ ಇಟ್ಟ ಹೆಸರೇ ‘ಆಕಾಶವಾಣಿ’. ವ್ಯಾಪಾರಿಯೂ ಅಲ್ಲದ, ಯಂತ್ರಶಿಲ್ಪಿಯೂ ಅಲ್ಲದ ಒಬ್ಬ ಅಧ್ಯಾಪಕರು ಸ್ವಂತ ಮನೆಯಲ್ಲಿ, ಸ್ವಂತ ಖರ್ಚಿನಿಂದ ಈ ಕೆಲಸವನ್ನು ಕೈಕೊಂಡರೆಂಬದು ಗಮನಿಸತಕ್ಕ ವಿಷಯ. ಮುಂದೆ 250 ವ್ಯಾಟಿನ ಯಂತ್ರವು ಬಂದಿತು. ನಗರಸಭೆಯ ನೆರವೂ ದೊರೆಯಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರಕಾರವು ಕೇಂದ್ರವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. 1957ರಲ್ಲಿ ಆಕಾಶವಾಣಿಯೆಂಬ ಹೆಸರು ಇಡೀ ದೇಶದ ಪ್ರಸಾರಕ್ಕೆ ಸಂದಿತು. ಒಂದು ಮನೆಯ ಪ್ರಯೋಗವು ತನ್ನ ಹೆಸರನ್ನು ರಾಷ್ಟ್ರಕ್ಕೆ ಕೊಟ್ಟಿತು. ಅಂದು ಸಂಸ್ಥಾನದಲ್ಲಿ ಆ ಮನೆಗೆ ಅಡ್ಡಿ ಬಂದಿದ್ದರೆ ಕನ್ನಡ ನಾಡಿಗೆ ಈ ಕೀರ್ತಿಯು ತಪ್ಪಿಹೋಗುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕು. ಶಾಲೆಯ ಕೋಣೆಯಿಂದ ನ್ಯೂಝೀಲಂಡಕ್ಕೆ ಮಾತಾಡಿದ ಗಾಯ್ಡರನನ್ನು ಮೇಲೆ ಹೇಳಿದೆವಷ್ಟೆ. 1936ರಲ್ಲಿ, ಅಂದರೆ ಸರಕಾರದ ಪ್ರಸಾರಸಂಸ್ಥೆಯು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ತಳೆದ ವರ್ಷದಲ್ಲಿಯೇ, ಅದರ ಮುಖ್ಯ ಎಂಜಿನಿಯರನಾಗಿ ಬಂದವನು ಅವನೇ. ಇಷ್ಟು ದೊಡ್ಡ ದೇಶದ ಮೂಲೆಮೂಲೆಗೆ ಧ್ವನಿಯನ್ನು ಮುಟ್ಟಿಸಬೇಕಾದರೆ ಹ್ರಸ್ವ ತರಂಗಗಳೇ ಗತಿಯೆಂದು ಕಂಡು, ಆ ಬಗೆಯ ಕೇಂದ್ರಗಳ ಜಾಲವನ್ನು ಅವನು ಯೋಜಿಸಿದನು. ‘ಕೊಡತಕ್ಕದ್ದು’ ಎಂಬ ಒಂದು ಕ್ರಿಯಾಪದವು ಹುಡುಗನೊಬ್ಬನ ಆಟಕ್ಕೆ ಅವಕಾಶ ಕೊಟ್ಟಿತು. ಅದರ ಫಲವನ್ನು ಉಂಡವರಲ್ಲಿ ನಾವೂ ಸೇರಿದ್ದೇವೆ.

ಇನ್ನು ಅಪ್ಪಣೆಯನ್ನು ಹಿಂದಕ್ಕೆ ಪಡೆದಾಗ ಏನಾಯಿತೆಂಬದನ್ನೂ ನೋಡಬೇಕು. 1939ರಲ್ಲಿ ಎರಡನೆಯ ಮಹಾಯುದ್ಧವು ಆರಂಭವಾದೊಡನೆ ಸರಕಾರವು ಹವ್ಯಾಸಿಗಳ ಪರವಾನಗಿಗಳನ್ನು ರದ್ದು ಮಾಡಿ, ಯಂತ್ರಗಳನ್ನು ಒಪ್ಪಿಸಿಬಿಡಬೇಕೆಂದು ಆಜ್ಞಾಪಿಸಿತು. ಯುದ್ಧಕಾಲದಲ್ಲಿ ಇಂಥ ಕ್ರಮವು ಇಂಗ್ಲಂಡದಲ್ಲಿಯೂ ನಡೆಯಿತು. ಅದನ್ನಷ್ಟೇ ಆಕ್ಷೇಪಿಸಲಾಗದು. ಆದರೆ ಇಲ್ಲಿ ಜನರ ಬಾಯಿಯನ್ನೇ ಮುಚ್ಚಲಾಗಿತ್ತು. 1942ರ ಆಗಸ್ಟದಲ್ಲಿ ನಾಯಕರೆಲ್ಲ ಸೆರೆಮನೆ ಸೇರಿ, ಪತ್ರಿಕೆಗಳಿಗೆ ಬೀಗ ಬಿದ್ದಾಗ, ಮುಂಬಯಿಯಲ್ಲಿ 22 ವರ್ಷದ ಉಷಾ ಮೆಹತಾ ಎಂಬ ತರುಣಿಯು ಸಂಗಡಿಗರೊಡನೆ ಕಾಂಗ್ರೆಸ್ ರೇಡಿಯೋವನ್ನು ನಡೆಸಿದಳು. 42.34 ಮೀಟರುಗಳ ತರಂಗದ ಮೇಲೆ ಆ ಧ್ವನಿಯು ಹೊರಟಿತು. ಅದರ ಯಂತ್ರಕ್ಕೆ ಕೈಹಚ್ಚಿದವರಲ್ಲಿ ಯುದ್ಧಕ್ಕೆ ಮೊದಲಿನ ಹವ್ಯಾಸಿಯಾದ ನರಿಮನ್ ಪ್ರಿಂಟರ್ ಎಂಬವರಿದ್ದರು. ಪೋಲೀಸರ ಕಣ್ಣು ತಪ್ಪಿಸಲು ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತ, ನವೆಂಬರ 12ರಂದು ಸಿಕ್ಕಿಬೀಳುವ ವರೆಗೆ ಪ್ರಸಾರವು ನಡೆಯಿತು. ಉಷಾ ಮೆಹತಾಳಿಗೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. 1930ರಲ್ಲಿ ಅಂಕೋಲೆಯಲ್ಲಿ ಅಪ್ಪಣೆಯಿಲ್ಲದೆ ಉಪ್ಪು ಮಾಡಿದ ಜಿಲ್ಲೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮುದ್ರದ ನೀರಿಗೂ ಆಕಾಶದ ತರಂಗಕ್ಕೂ ಕಾಯದೆಯು ಜನರ ಹಿತಕ್ಕಾಗಿ ಇರುವ ವರೆಗೆ ಮಾತ್ರ ಗೌರವ. ಜನರ ಬಾಯಿ ಮುಚ್ಚುವದಕ್ಕೆಂದು ನಿಂತ ಕಾಯದೆಯನ್ನು ಆತ್ಮಸಾಕ್ಷಿಯುಳ್ಳವರು ಮುರಿದು, ಅದರ ಶಿಕ್ಷೆಯನ್ನೂ ತಲೆಬಾಗಿ ಅನುಭವಿಸುವರು.

ಯುದ್ಧವು ಮುಗಿದ ಮೇಲೆ ಪರವಾನಗಿಗಳು ತಿರುಗಿ ದೊರೆತವು. ಸ್ವತಂತ್ರ ಭಾರತದಲ್ಲಿ ಹವ್ಯಾಸಿಗಳಿಗಾಗಿಯೇ 1978ರಲ್ಲಿ ನಿಯಮಾವಳಿಯು ರಚಿತವಾಯಿತು. ಈಗ 12 ವರ್ಷ ತುಂಬಿದ ಬಾಲಕ ಬಾಲಿಕೆಯರೂ ಪರೀಕ್ಷೆಗೆ ಕೂಡಬಹುದು. ವಿದ್ಯುತ್ತಿನ ಮೂಲತತ್ತ್ವಗಳು, ಯಂತ್ರದ ರಚನೆ, ಸಂಭಾಷಣೆಯ ನಿಯಮಗಳು ಇವುಗಳಲ್ಲಿ ಪ್ರಶ್ನೆಗಳಿರುವವು. ಮೇಲಿನ ದರ್ಜೆಯನ್ನು ಬಯಸುವವರು ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮೋರ್ಸ್ ಲಿಪಿಯನ್ನೂ ಬಲ್ಲವರಾಗಿರಬೇಕು. ತೇರ್ಗಡೆಯಾದವರಿಗೆ ‘ವಿ. ಯು.’ ಎಂದು ಆರಂಭವಾಗುವ ಸಂಜ್ಞಾನಾಮವು ದೊರೆಯುವದು. ಲೋಕದಲ್ಲಿ ಇನ್ನಾರಿಗೂ ಇಲ್ಲದ ಹೆಸರದು. ಮಾತಾಡುವಾಗ ಆ ಹೆಸರನ್ನು ಹೇಳಲೇಬೇಕು. ಯಾರೊಡನೆ ಎಷ್ಟು ಹೊತ್ತಿಗೆ ಮಾತಾಡಿದೆವೆಂಬದನ್ನು ದಿನಚರಿಯಲ್ಲಿ ಬರೆದಿಡಬೇಕು. ವ್ಯಾಪಾರದ ಮಾತನ್ನು ಆಡಕೂಡದು. ನೋಡಿರಿ, ನಿಜವಾದ ಹೆಸರನ್ನು ಹೇಳು, ಆಡಿದ ಮಾತಿಗೆ ಲೆಕ್ಕವಿಡು, ಲಾಭಕ್ಕಾಗಿ ಮಾತಾಡಬೇಡ ಎಂಬೀ ಮೂರು ಕಟ್ಟಳೆಗಳು ರೇಡಿಯೋದವರಿಗೆ ಮಾತ್ರವಲ್ಲ, ನಾಲಗೆಯುಳ್ಳವರೆಲ್ಲರಿಗೂ ಒಪ್ಪುವಂಥವು.

ಮನೆಮನೆಗೂ ಕೈಯಲ್ಲಿ ಹಿಡಿಯುವ ದೂರವಾಣಿಯು ಬಂದಿರುವಾಗ ಈ ಪರವಾನಗಿಯಿಂದೇನು ಪ್ರಯೋಜನವೆಂದು ಕೆಲವರು ಕೇಳುವರು. ಅದಕ್ಕೆ 2004ರ ಡಿಸೆಂಬರವೇ ಉತ್ತರ ಕೊಟ್ಟಿದೆ. ಅಂಡಮಾನ ದ್ವೀಪಗಳಲ್ಲಿ ಸುಮಾರು 17 ವರ್ಷಗಳಿಂದ ಹವ್ಯಾಸಿ ರೇಡಿಯೋಗೆ ಅಪ್ಪಣೆಯಿರಲಿಲ್ಲ. ಭಾರತಿ ಪ್ರಸಾದ ಎಂಬ ಮಹಿಳೆಯು ಪ್ರಯತ್ನಪಟ್ಟು ಅಪ್ಪಣೆಯನ್ನು ಪಡೆದು, ಸಂಗಡಿಗರೊಡನೆ ಪೋರ್ಟ್ ಬ್ಲೇರಿನಲ್ಲಿ ಯಂತ್ರವನ್ನು ಹೂಡಿ, ದೇಶವಿದೇಶಗಳ ಹವ್ಯಾಸಿಗಳೊಡನೆ ಸಂಭಾಷಿಸುತ್ತಿದ್ದರು. ಡಿಸೆಂಬರ 26ರ ಬೆಳಿಗ್ಗೆ ಭೂಮಿಯು ನಡುಗಿ, ಸುನಾಮಿಯ ಅಲೆಗಳು ಎದ್ದು ಬಂದವು. ದೂರವಾಣಿಗಳು ಮೂಕವಾದವು. ಹರಟೆಯ ಯಂತ್ರವೆಂದು ಜನರು ತಿಳಿದಿದ್ದ ಆ ಯಂತ್ರವೇ ದ್ವೀಪಗಳ ಸುದ್ದಿಯನ್ನು ಹೊರಕ್ಕೆ ಮುಟ್ಟಿಸಿತು. ಬದುಕಿದವರ ಕ್ಷೇಮಸಮಾಚಾರವು ಕಂಗಾಲಾಗಿ ಕುಳಿತ ಬಂಧುಗಳಿಗೆ ಅದರ ಮೂಲಕವೇ ತಲಪಿತು. ಅಪ್ಪಣೆಯ ಕಾಗದಕ್ಕೆ ಇನ್ನೊಂದು ತಿಂಗಳು ತಡವಾಗಿದ್ದರೆ ಆ ಧ್ವನಿಯು ಅಲ್ಲಿ ಇರುತ್ತಿರಲಿಲ್ಲ.

ಭಟಕಳ, ಹೊನ್ನಾವರ, ಕುಮಟೆಗಳ ಕಡಲ ದಂಡೆಯವರಿಗೆ ಈ ಸಂಗತಿಯು ಬರೀ ಕಥೆಯಲ್ಲ. ಕಾಸರಕೋಡದ ಟೊಂಕದಿಂದ ಆಳಸಮುದ್ರಕ್ಕೆ ಹೋಗುವವರ ಹೆಂಡಿರು ಮಕ್ಕಳಿಗೆ, ಗಾಳಿ ಎದ್ದ ರಾತ್ರಿ ದೂರದ ಒಂದು ಧ್ವನಿಯ ಬೆಲೆಯೇನೆಂಬದು ಗೊತ್ತಿದೆ. ದೋಣಿಯ ಧ್ವನಿಯಂತ್ರವೂ ಸರಕಾರದ ಅಪ್ಪಣೆಯ ವಸ್ತುವೇ. ಅಲ್ಲಿಯೂ ಆಪತ್ಕಾಲದ ಕರೆಗೆಂದು ಒಂದು ತರಂಗವನ್ನು ಮೀಸಲಾಗಿಟ್ಟಿದ್ದಾರೆ. ಅದರ ಮೇಲೆ ಹರಟೆ ಕೊಚ್ಚುವವನು ಮುಳುಗುವವನ ಕೊರಳನ್ನು ಹಿಚುಕಿದಂತೆ ಎಂಬದನ್ನು ಎಳೆಯರಿಗೆ ಕಲಿಸಬೇಕು.

2023ರಲ್ಲಿ ನಮ್ಮ ಸಂಸತ್ತು ಹೊಸ ದೂರಸಂಪರ್ಕ ಕಾಯದೆಯನ್ನು ಮಾಡಿ, 1885ರ ಮತ್ತು 1933ರ ಕಾಯದೆಗಳ ಸ್ಥಾನದಲ್ಲಿ ಅದು ನಿಲ್ಲಬೇಕೆಂದು ವಿಧಿಸಿತು. ಅಪ್ಪಣೆಯೆಂಬ ತತ್ತ್ವವು ಉಳಿಯುವದು, ಉಳಿಯಲೂ ಬೇಕು. ಅಳಿವೆಯ ಬಾಯಿಯು ಇಕ್ಕಟ್ಟಾಗಿರುವ ವರೆಗೆ ದೋಣಿಗಳಿಗೆ ಕ್ರಮ ಬೇಕು. ಆದರೆ ಅಪ್ಪಣೆಯನ್ನು ಕೊಡುವವರ ಮನಸ್ಸಿನಲ್ಲಿ ಯಾವ ಕ್ರಿಯಾಪದವಿರುವದೆಂಬದೇ ಮುಖ್ಯ. ಯೋಗ್ಯತೆಯನ್ನು ತೋರಿಸಿದವನಿಗೆ ಕೊಡತಕ್ಕದ್ದು ಎಂಬ ಬುದ್ಧಿಯಿದ್ದಲ್ಲಿ ಗಾಯ್ಡರರೂ ಗೋಪಾಲಸ್ವಾಮಿಗಳೂ ಬೆಳೆಯುವರು. ಮನಸ್ಸಿದ್ದರೆ ಕೊಟ್ಟೇವು ಎಂಬ ಬುದ್ಧಿಯಿದ್ದಲ್ಲಿ ಅರ್ಜಿಗಳ ರಾಶಿಯೊಂದೇ ಬೆಳೆಯುವದು.

ಈ ಮಾತು ಸರಕಾರಕ್ಕೆ ಹೇಗೋ ಮನೆಯ ಯಜಮಾನರಿಗೂ ಹಾಗೆಯೇ ಸಲ್ಲುವದು. ಮನೆಯೊಳಗಿನ ಚಿಕ್ಕ ರಾಜ್ಯದಲ್ಲಿ ಪರವಾನಗಿಯನ್ನು ಕೊಡುವವರು ನೀವು. ಮಗನೋ ಮಗಳೋ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ತಂತಿಗಳನ್ನು ಹರಡಿಕೊಂಡು ಕುಳಿತಾಗ, ವಿದ್ಯುತ್ತಿನ ಅಪಾಯವನ್ನು ತಿಳಿಸಿ ಹೇಳಿರಿ, ಪರೀಕ್ಷೆಯ ಪಾಠವನ್ನು ಮರೆಯಬಾರದೆಂದು ಎಚ್ಚರಿಸಿರಿ, ಕಾಯದೆಯ ಅಪ್ಪಣೆಯಿಲ್ಲದೆ ಪ್ರೇಷಕ ಯಂತ್ರವನ್ನು ನಡೆಸಕೂಡದೆಂದು ಕಟ್ಟುಮಾಡಿರಿ. ಇಷ್ಟು ಮಾಡಿದ ಬಳಿಕ ಮಾಡಿನ ಮೇಲೆ ಒಂದು ತಂತಿಗೆ ಸ್ಥಳ ಕೊಡಿರಿ.